ಅಂಗಳದಿಂದ ಬಾಲವಾಡಿಗೆ

(ಸಂಘದ ತಾಯಂದಿರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಜೂನ್ ತಿಂಗಳ ಮಳೆಯೊಂದಿಗೆ ಶಾಲೆಗಳು ತೆರೆಯುವಾಗ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಬಾಲವಾಡಿಗಳ ಬಾಗಿಲಲ್ಲಿ ಕೇಳಿಬರುವ ಅಳುವಿಗೆ ಭಾಷೆಯ ಭೇದವಿಲ್ಲ. ಮರಾಠಿ ಮಗುವೂ ಅಳುತ್ತದೆ, ಗುಜರಾತಿ ಮಗುವೂ ಅಳುತ್ತದೆ. ಆದರೆ ಕನ್ನಡವನ್ನೋ ತುಳುವನ್ನೋ ಆಡುವ ಮನೆಯ ಮಗುವಿಗೆ ಒಂದು ಕಷ್ಟ ಹೆಚ್ಚು. ತಾಯಿಯ ಜೊತೆಗೆ ತಾಯಿಯ ಮಾತನ್ನೂ ಅದು ಹೊಸ್ತಿಲಾಚೆ ಬಿಟ್ಟು ಒಳಹೋಗಬೇಕು. 'ನೀರು' ಎಂದು ಕೇಳುವ ಮಗುವಿನ ಬಾಯಾರಿಕೆ, 'ಪಾಣಿ' ಎಂಬ ಮಾತನ್ನು ಕಲಿಯುವವರೆಗೆ ಅಲ್ಲಿ ಯಾರಿಗೂ ತಿಳಿಯುವುದಿಲ್ಲ.

ಇಂತಹ ಮಗು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ, ತರಗತಿಯಲ್ಲಿ ತುಟಿ ಬಿಚ್ಚದಿರಬಹುದು. ಅದು ದಡ್ಡತನವಲ್ಲ, ಹೊಸ ಭಾಷೆಯನ್ನು ಕಿವಿಯಲ್ಲಿ ತುಂಬಿಕೊಳ್ಳುವ ಕಾಲ. ಆದರೆ ಈ ಮೌನಕ್ಕೆ ಹೆದರಿ 'ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷನ್ನೇ ಆಡಿ' ಎಂದು ಸಲಹೆ ಕೊಡುವವರಿದ್ದಾರೆ. ಅದನ್ನು ಪಾಲಿಸುವ ಮನೆಗಳೂ ಇವೆ. ಪರಿಣಾಮವೇನು? ಹೊರಗೆ ಅಪರಿಚಿತವಾಗಿದ್ದ ಮಗುವಿಗೆ ಮನೆಯೂ ಅಪರಿಚಿತವಾಗುತ್ತದೆ. ಊರಿನಿಂದ ಬಂದ ಅಜ್ಜಿ ಮೊಮ್ಮಗುವಿನೆದುರು ಮೂಕಿಯಾಗುತ್ತಾಳೆ. ಬಾಲವಾಡಿಗೆ ಹೊಂದಿಕೊಳ್ಳಲು ಮಗುವಿಗೆ ಅತ್ಯಗತ್ಯವಾದದ್ದು ಧೈರ್ಯ. ಆ ಧೈರ್ಯದ ಬೇರು ಮನೆಮಾತಿನಲ್ಲಿದೆ. ಬೇರನ್ನು ಕಡಿದು ಚಿಗುರನ್ನು ನಿರೀಕ್ಷಿಸಬಹುದೇ?

ಬಂಧುಗಳೇ, ಇದಕ್ಕೆ ದಾರಿ ತೋರಿದವರು ನಾವು ನೆಲೆಸಿದ ಈ ನೆಲದವರೇ. ತಾರಾಬಾಯಿ ಮೋಡಕರು 1945ರಲ್ಲಿ ಅಂದಿನ ಥಾಣೆ ಜಿಲ್ಲೆಯ ಬೋರ್ಡಿಯಲ್ಲಿ ಬಡಮಕ್ಕಳಿಗಾಗಿ ಬಾಲಶಿಕ್ಷಣ ಕೇಂದ್ರವನ್ನು ಆರಂಭಿಸಿದರು. ಅವರೊಂದಿಗೆ ಅನುತಾಯಿ ವಾಘ್ ದುಡಿದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಅವರು ಮಕ್ಕಳನ್ನು ದೂರಲಿಲ್ಲ. ಶಾಲೆಯನ್ನೇ ಮಕ್ಕಳ ಅಂಗಳಕ್ಕೆ ಒಯ್ದರು. ದುಬಾರಿ ಮಾಂಟೆಸ್ಸೋರಿ ಸಾಧನಗಳ ಬದಲಿಗೆ ಕಲ್ಲು, ಎಲೆ, ಬೀಜ, ಚಿಪ್ಪುಗಳೇ ಪಾಠದ ಸಾಮಗ್ರಿಗಳಾದವು. 1957ರಲ್ಲಿ ಈ ಕಾರ್ಯ ಕೋಸಬಾಡದ ಆದಿವಾಸಿಗಳ ನಡುವೆ ಮುಂದುವರಿಯಿತು. 2014ರಿಂದ ಆ ಪ್ರದೇಶ ಪಾಲಘರ್ ಜಿಲ್ಲೆಗೆ ಸೇರಿದೆ. 1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ ಆರಂಭಿಸಿದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳ ಹೆಸರಿನಲ್ಲಿಯೂ ಇರುವುದು ಅಂಗಳವೇ. ಮಗು ಶಾಲೆಯತ್ತ ಒಂದು ಹೆಜ್ಜೆ ಇಡುವ ಮೊದಲು ಶಾಲೆ ಮಗುವಿನತ್ತ ಒಂದು ಹೆಜ್ಜೆ ಇಡಬೇಕೆಂಬುದೇ ಇದರ ತಾತ್ಪರ್ಯ.

ಜರ್ಮನಿಯ ಬರ್ಲಿನ್ನಿನಲ್ಲಿ 1980ರ ದಶಕದಲ್ಲಿ ರೂಪುಗೊಂಡ ಪದ್ಧತಿಯೊಂದು ಇದೇ ತತ್ತ್ವವನ್ನು ಬೇರೆ ಬಗೆಯಲ್ಲಿ ಆಚರಣೆಗೆ ತಂದಿತು. ಮೊದಲ ಮೂರು ದಿನ ತಾಯಿ ಅಥವಾ ತಂದೆ ಮಗುವಿನೊಡನೆ ಶಿಶುಶಾಲೆಯ ಕೋಣೆಯಲ್ಲೇ ಕುಳಿತಿರುತ್ತಾರೆ. ನಾಲ್ಕನೆಯ ದಿನವಷ್ಟೇ ಕೆಲವು ನಿಮಿಷ ಹೊರಗೆ ಹೋಗಿ ನೋಡುತ್ತಾರೆ. ಶಿಕ್ಷಕಿಯ ಸಾಂತ್ವನಕ್ಕೆ ಮಗು ಅಳು ನಿಲ್ಲಿಸಿದರೆ ಅಗಲಿಕೆಯ ಅವಧಿ ನಿಧಾನವಾಗಿ ಬೆಳೆಯುತ್ತದೆ. ಇಲ್ಲವಾದರೆ ಇನ್ನೂ ಕೆಲವು ದಿನ ಕಾಯುತ್ತಾರೆ.

ಬೆಳಿಗ್ಗೆಯ ಲೋಕಲ್ ಹಿಡಿಯಬೇಕಾದ ನಮಗೆ ಇದು ಸಾಧ್ಯವೇ ಎಂದು ನೀವು ಕೇಳಬಹುದು. ಮೇ ತಿಂಗಳಲ್ಲಿ ಊರಿನ ಮದುವೆ, ಪೂಜೆ, ಕೋಲಗಳಿಗೆಂದು ತೆಗೆದುಕೊಳ್ಳುವ ರಜೆಯಲ್ಲಿ ನಾಲ್ಕು ದಿನಗಳನ್ನು ಜೂನ್ ತಿಂಗಳಿಗೆ ಉಳಿಸಿಡಿ. ಊರಿನ ವಿಶಾಲ ಅಂಗಳದಲ್ಲಿ ಓರಗೆಯ ಮಕ್ಕಳೊಂದಿಗೆ ಆಡಿದ ಮಗುವನ್ನು ಮಾರನೆಯ ದಿನವೇ ಒಂದು ಕೋಣೆಯ ಬಾಲವಾಡಿಗೆ ನೂಕಬೇಡಿ. ಒಂದು ವಾರ ಮೊದಲೇ ಮರಳಿ ಬನ್ನಿ. ಮಗು ಆಟದಲ್ಲಿ ಮೈಮರೆತಿರುವಾಗ ಕಳ್ಳಹೆಜ್ಜೆಯಲ್ಲಿ ಹೊರಟುಬಿಡಬೇಡಿ. ಹೇಳಿ ಹೊರಡಿ, ಹೇಳಿದ ಹೊತ್ತಿಗೆ ಬನ್ನಿ. 'ಹನ್ನೆರಡು ಗಂಟೆಗೆ' ಎಂದರೆ ಅದಕ್ಕೆ ತಿಳಿಯದು. 'ಡಬ್ಬಿಯ ತಿಂಡಿ ತಿಂದು ಒಂದು ಹಾಡು ಹಾಡಿದ ಮೇಲೆ ಅಜ್ಜ ಬರುತ್ತಾರೆ' ಎಂದರೆ ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಸಿವು, ಬಾಯಾರಿಕೆ, ಹೊಟ್ಟೆನೋವು, ಮೂತ್ರ, ನಿದ್ದೆಗಳಿಗೆ ನಿಮ್ಮ ಮಗು ಬಳಸುವ ಮಾತುಗಳನ್ನು ದೇವನಾಗರಿಯಲ್ಲಿ ಬರೆದು ಶಿಕ್ಷಕಿಯ ಕೈಗಿಡಿ. ಹತ್ತೇ ಪದಗಳು ಸಾಕು. ಮಗುವಿನ ಅರ್ಧ ಭಯ ಅಲ್ಲೇ ಕರಗುತ್ತದೆ.

ಸಂಘಕ್ಕೂ ನನ್ನದೊಂದು ವಿನಂತಿಯಿದೆ. ಸಾಧ್ಯವಿರುವಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಕೆ ನಡೆಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಆದರೆ ಚೆದುರಿ ನೆಲೆಸಿರುವ ನಮ್ಮ ಮಕ್ಕಳಿಗೆ ಪ್ರತಿ ಪೇಟೆಯಲ್ಲೂ ಕನ್ನಡ ಬಾಲವಾಡಿ ಸಿಗುವುದಿಲ್ಲ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಭಾಷಾಭಿಮಾನವನ್ನು ಸಾರುವ ನಾವು, ಭಾನುವಾರ ಒಂದು ಗಂಟೆ ಸಂಘದ ಸಭಾಗೃಹವನ್ನು ಮೂರು ವರ್ಷದ ಮಕ್ಕಳಿಗೆ ಬಿಟ್ಟುಕೊಡಬಾರದೇಕೆ? ಅಜ್ಜಿಯರು ಕಥೆ ಹೇಳಲಿ, ಮಕ್ಕಳು ಆಡಲಿ. ತಾಯಿಯನ್ನು ಒಂದು ಗಂಟೆ ಬಿಟ್ಟಿರುವ ಮೊದಲ ಅಭ್ಯಾಸ ಅಲ್ಲಿ ತಮ್ಮದೇ ಮಾತಿನಲ್ಲಿ ನಡೆಯಲಿ.

ಮರಾಠಿಯನ್ನು ನಮ್ಮ ಮಕ್ಕಳು ಪ್ರೀತಿಯಿಂದ ಕಲಿಯಲಿ. ಅದು ನಮಗೆ ಅನ್ನ ನೀಡಿದ ನೆಲದ ಭಾಷೆ. ಇಂಗ್ಲಿಷ್ ಕೂಡ ಬರಲಿ. ಆದರೆ ಹೊಸ ಮನೆಯ ಬಾಗಿಲು ತೆರೆಯಲು ಹಳೆಯ ಮನೆಗೆ ಬೀಗ ಹಾಕಬೇಕಾಗಿಲ್ಲ. ಅಳುತ್ತಾ ಹೋದ ಮಗು ಸಂಜೆ ಮನೆಗೆ ಬಂದಾಗ, ತನ್ನ ಸಂಕಟವನ್ನು ಹೇಳಿಕೊಳ್ಳುವಷ್ಟು ಕನ್ನಡವೋ ತುಳುವೋ ಅದರ ನಾಲಿಗೆಯ ಮೇಲೆ ಉಳಿದಿರಲಿ, ಅದನ್ನು ಕೇಳುವ ವ್ಯವಧಾನ ನಮ್ಮಲ್ಲಿರಲಿ ಎಂದು ಹಾರೈಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.