ನಮ್ಮ ಕೈಯಾರೆ ಮುಗಿಸಿದ ಮನೆ



ನಾನು ಭಾಷಣ ಮಾಡಿ ಅಭ್ಯಾಸವಿರುವವಳಲ್ಲ. "ಗಂಡ ಹೆಂಡತಿ ಸೇರಿ ಹೊಸ ಮನೆಗೆ ಬಣ್ಣ, ಟೈಲ್ಸ್ ಎಲ್ಲ ನೀವೇ ಮಾಡಿಕೊಂಡಿರಂತಲ್ಲ, ಅದನ್ನೇ ಹೇಳಿ" ಎಂದು ಕಾರ್ಯದರ್ಶಿಯವರು ಕೇಳಿದರು. ಅಷ್ಟೇ ಆದರೆ ಹೇಳಬಲ್ಲೆ ಎಂದು ಒಪ್ಪಿದೆ.

ನಾವಿರುವುದು ವಾಗ್ಳೆ ಎಸ್ಟೇಟ್‌ನಲ್ಲಿ. ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಳ, ಅಂದರೆ ನಾವೆಲ್ಲ ಎಂಐಡಿಸಿ ಅನ್ನುವುದು, 1962ರಲ್ಲಿ ಹುಟ್ಟಿದಾಗ ಅದರ ಮೊದಲ ಕೈಗಾರಿಕಾ ವಸಾಹತು ಆದದ್ದು ಇದೇ ಜಾಗ. ಊರಿನಿಂದ ಬಂದ ಎಷ್ಟೋ ಮಂದಿ ಕನ್ನಡಿಗರು ಇಲ್ಲಿನ ಲೇತು, ಪ್ರೆಸ್ಸು, ಕ್ಯಾಂಟೀನುಗಳಲ್ಲಿ ದುಡಿದು ಮಕ್ಕಳನ್ನು ಓದಿಸಿದ್ದಾರೆ. ಈಗ ಹಳೆಯ ಶೆಡ್ಡುಗಳು ಒಂದೊಂದಾಗಿ ಮುಚ್ಚಿ, ಆ ಜಾಗದಲ್ಲಿ ಗಾಜಿನ ಐಟಿ ಕಟ್ಟಡಗಳು ಎದ್ದಿವೆ. ನಮ್ಮವರು 22 ವರ್ಷ ಟರ್ನರ್ ಆಗಿದ್ದ ಸಣ್ಣ ಕಾರ್ಖಾನೆಯೂ 2020ರಲ್ಲಿ ಬಾಗಿಲು ಹಾಕಿತು.

ಅದರ ಮರುವರ್ಷ ನಾವು ಮನೆ ಕೊಂಡೆವು. ಮನೆ ಸಾಲ ನನ್ನ ಸಂಬಳದ ಮೇಲೆ ಸಿಕ್ಕಿದ್ದರಿಂದ ಮನೆಯೂ ನನ್ನೊಬ್ಬಳ ಹೆಸರಿಗೇ ಆಯಿತು. ಇಲ್ಲೊಂದು ಮಾತು ಎಲ್ಲರೂ ನೆನಪಿಟ್ಟುಕೊಳ್ಳಿ. 2021ರ ಏಪ್ರಿಲ್ 1ರಿಂದ ಮಹಾರಾಷ್ಟ್ರದಲ್ಲಿ ವಾಸದ ಮನೆಯನ್ನು ಹೆಂಗಸಿನ ಹೆಸರಿಗೆ ಕೊಂಡರೆ ಸ್ಟ್ಯಾಂಪ್ ಡ್ಯೂಟಿಯಲ್ಲಿ ಶೇಕಡಾ 1 ರಿಯಾಯಿತಿ ಇದೆ. ಗಂಡಸಿನ ಹೆಸರು ಜೊತೆಗೆ ಸೇರಿದರೆ ಆ ರಿಯಾಯಿತಿ ಇಲ್ಲ. ನಮ್ಮದು 350 ಚದರ ಅಡಿಯ ಮನೆ, ಕರಾರು 52 ಲಕ್ಷದ್ದು. ಉಳಿದದ್ದು 52 ಸಾವಿರ. ಆ ಹಣವನ್ನು ನಾನು ಬೇರೆಯೇ ಇಟ್ಟಿದ್ದೆ.

2022ರ ನವೆಂಬರಿನಲ್ಲಿ ಕೀಲಿಕೈ ಸಿಕ್ಕಿತು. ಒಳಗೆ ನೋಡಿದರೆ ಗೋಡೆಗೆ ತೆಳ್ಳಗೆ ಒಂದು ಕೈ ಬಿಳಿ ಬಣ್ಣ, ಅಡುಗೆ ಕಟ್ಟೆಯ ಮೇಲಿನ ಗೋಡೆ ಬರಿದು, ಕಪಾಟು ಒಂದೂ ಇಲ್ಲ. ಒಬ್ಬ ಗುತ್ತಿಗೆದಾರನನ್ನು ಕರೆಸಿದೆವು. 2 ಲಕ್ಷ 80 ಸಾವಿರ ಅಂದ. ಅತ್ತ ಇಎಂಐ, ಇತ್ತ ಹಳೆ ಮನೆಯ ಬಾಡಿಗೆ. ನನ್ನ ನಾಲ್ಕು ಬಳೆ ಮಾರುವ ಮಾತು ಬಂತು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕೆಲಸ ಹೋದ ಮೇಲೆ ನಮ್ಮವರು ಮಾತು ಕಡಿಮೆ ಮಾಡಿದ್ದರು. ಮದುವೆ, ಪೂಜೆಗೆ ಬರುತ್ತಿರಲಿಲ್ಲ. "ಈಗೆಲ್ಲಿ ಕೆಲಸ?" ಎಂದು ಜನ ಕೇಳುತ್ತಾರಲ್ಲ, ಅದಕ್ಕೆ. ಮನೆ ನನ್ನ ಹೆಸರಿಗೆ ಆದದ್ದು ಅವರಿಗೆ ಬೇಸರವಾಗಲಿಲ್ಲ, ಆದರೆ ಮನೆಗೆ ತಾನೇನೂ ಕೊಟ್ಟಿಲ್ಲ ಎಂಬ ಕೊರಗು ಇತ್ತು. ಆ ದಿನ ಗುತ್ತಿಗೆದಾರ ಕೊಟ್ಟ ಕಾಗದವನ್ನು ಮಗುಚಿ ಹಾಕಿ, ಹಿಂಬದಿಯಲ್ಲಿ ಗೋಡೆಯ ಅಳತೆ ಬರೆಯತೊಡಗಿದರು. "ಬಳೆ ಮಾರುವುದು ಬೇಡ. ಕಲಿತರೆ ಆಗುತ್ತದೆ" ಅಂದರು. ಎರಡು ವರ್ಷದಲ್ಲಿ ಅವರು ತಾವಾಗಿ ತೆಗೆದುಕೊಂಡ ಮೊದಲ ತೀರ್ಮಾನ ಅದು. ನಾನು ಬೇಡವೆನ್ನಲಿಲ್ಲ.

ಮೊದಲು ಮಾಡಿದ್ದು ದೋಷಗಳ ಪಟ್ಟಿ. ನಾಣ್ಯದಿಂದ ನೆಲದ ಟೈಲ್ಸ್ ತಟ್ಟಿ ನೋಡಿದೆವು. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಸಿಮೆಂಟು ತುಂಬಿಲ್ಲ ಎಂದರ್ಥ. ಬಚ್ಚಲಿನ ನಳಿಗೆಗೆ ಬಟ್ಟೆ ತುರುಕಿ, ಎರಡಿಂಚು ನೀರು ನಿಲ್ಲಿಸಿ, 48 ಗಂಟೆ ಬಿಟ್ಟೆವು. ಕೆಳಗಿನ ಮನೆಯ ಚಾವಣಿಯಲ್ಲಿ ತೇವ ಕಾಣಿಸಿತು. ರೇರಾ ಕಾನೂನಿನ 14ನೇ ಕಲಮಿನ ಪ್ರಕಾರ ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ಅಥವಾ ಕಾಮಗಾರಿಯ ದೋಷ ತೋರಿಸಿದರೆ ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿಪಡಿಸಿಕೊಡಬೇಕು. ಬಾಯಿಮಾತು ಬಿಟ್ಟು ಫೋಟೋ ಸಹಿತ ಬರೆದು ಕೊಟ್ಟೆವು. ಬಚ್ಚಲು ಅವರೇ ಒಡೆದು ಜಲನಿರೋಧಕ ಹಾಕಿ ಕಟ್ಟಿಕೊಟ್ಟರು. ನಾವು ಮೊದಲೇ ಕೈ ಹಚ್ಚಿದ್ದರೆ, ಇದು ನಿಮ್ಮದೇ ಕೆಲಸದ ಫಲ ಎನ್ನಲು ಅವರಿಗೆ ದಾರಿಯಾಗುತ್ತಿತ್ತು.

ಆಮೇಲೆ ಗೋಡೆ. ಹತ್ತು ಹನ್ನೆರಡು ಅಡಿಯ ಕೋಣೆ, ಒಂಬತ್ತೂವರೆ ಅಡಿ ಎತ್ತರ ಎಂದರೆ ನಾಲ್ಕು ಗೋಡೆ ಸೇರಿ 418 ಚದರ ಅಡಿ. ಬಾಗಿಲು ಕಿಟಕಿ ಕಳೆದರೆ ಸುಮಾರು 380. ಒಂದು ಲೀಟರ್ ಬಣ್ಣ ಒಂದು ಕೈಗೆ 120 ಚದರ ಅಡಿ ಎಂದು ಹಿಡಿದರೆ ಎರಡು ಕೈಗೆ ಆರೂವರೆ ಲೀಟರ್ ಸಾಕು. ಅಂಗಡಿಯವನು ಹತ್ತು ಲೀಟರ್ ಡಬ್ಬ ಎತ್ತಿಡುವಾಗ ಈ ಲೆಕ್ಕ ಕೈಯಲ್ಲಿರಬೇಕು. ಬಣ್ಣದ ಕೆಲಸವನ್ನು ಚಳಿಗಾಲದಲ್ಲೇ ಮಾಡಿ. ಮಳೆಗಾಲದ ಥಾಣೆಯಲ್ಲಿ ಪುಟ್ಟಿ ಒಣಗುವುದೇ ಇಲ್ಲ, ಒಳಗಿನ ತೇವ ಆಮೇಲೆ ಬಣ್ಣವನ್ನು ಹಪ್ಪಳದ ಹಾಗೆ ಎಬ್ಬಿಸುತ್ತದೆ.

ಪುಟ್ಟಿ ಎಳೆಯುವುದು ನನ್ನ ಪಾಲಿಗೆ ಬಂತು. ಊರಲ್ಲಿ ಅಡಿಕೆ ಹಾಳೆಯ ತುಂಡಿನಿಂದ ಸೆಗಣಿ ಸಾರಿಸಿದ ಕೈ ಇದು, ತಗಡನ್ನು ಎಷ್ಟು ಓರೆ ಹಿಡಿಯಬೇಕೆಂದು ಬೇಗ ತಿಳಿಯಿತು. ನಮ್ಮವರದು ಒಂದು ಮಿಲಿಮೀಟರಿನ ನೂರನೇ ಭಾಗ ನೋಡಿ ಪಳಗಿದ ಕಣ್ಣು. ಒಂದೇ ಗೋಡೆಯನ್ನು ಮೂರು ಸಲ ಉಜ್ಜಿದರು. "ಬರುವ ನೆಂಟರು ಮೈಕ್ರೋಮೀಟರ್ ತರುವುದಿಲ್ಲ" ಎಂದು ಜಗಳವಾಡಿದೆ. ಅದೇ ಕಣ್ಣು ಅಡುಗೆ ಮನೆಯ ಟೈಲ್ಸಿಗೆ ಒದಗಿತು. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಮಟ್ಟ ಹಿಡಿದು, ಎರಡು ಮಿಲಿಮೀಟರ್ ಸ್ಪೇಸರ್ ಇಟ್ಟು ಕೂರಿಸಿದ ಸಾಲುಗಳು ಇಂದಿಗೂ ದಾರ ಹಿಡಿದ ಹಾಗಿವೆ. ಸದ್ದಿನ ಕೆಲಸ ಶನಿವಾರ, ಸದ್ದಿಲ್ಲದ್ದು ಭಾನುವಾರ, ಉಳಿದ ದಿನ ನಾನು ಆಫೀಸಿಗೆ ಹೋದಾಗ ಅವರೊಬ್ಬರೇ.

ಕೆಲವನ್ನು ನಾವು ಮುಟ್ಟಲಿಲ್ಲ. ವಿದ್ಯುತ್ ಕೆಲಸಕ್ಕೆ ಪರವಾನಗಿ ಇದ್ದವರನ್ನೇ ಕರೆದೆವು, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆವು. ಕಂಬ, ತೊಲೆಗೆ ರಂಧ್ರ ಕೊರೆಯಲಿಲ್ಲ. ಪುಟ್ಟಿ ಉಜ್ಜುವಾಗ ಮಾಸ್ಕ್, ಸಿಮೆಂಟಿಗೆ ಕೈಗವಸು. ಬರಿಗೈಯಲ್ಲಿ ಸಿಮೆಂಟು ಕಲಸಿದರೆ ಚರ್ಮ ಸುಡುತ್ತದೆ. ಹಳೆ ಮನೆ ಕೊಂಡವರು ಹಳೆ ಬಣ್ಣ ಉಜ್ಜುವಾಗ ಮಕ್ಕಳನ್ನು ದೂರವಿಡಿ. ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ, ಅದಕ್ಕಿಂತ ಹಿಂದಿನ ಬಣ್ಣದ ಧೂಳನ್ನು ನಂಬುವಂತಿಲ್ಲ.

ನೆಂಟರು ಏನಂದರು ಗೊತ್ತೇ? "ಮುಂಬಯಿಗೆ ಹೋಗಿ ಕೂಲಿ ಕೆಲಸಕ್ಕೆ ಇಳಿದಿರಾ?" ಈ ಮಾತು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಮನೆಯ ಕೊನೆಯ ಕೆಲಸ ಎಂದಿಗೂ ಮನೆಯವರದೇ ಆಗಿತ್ತಲ್ಲ? ನಮ್ಮೂರಲ್ಲಿ ನೆಲಕ್ಕೆ ಕಪ್ಪು ಹಿಡಿಸಲು ಹಳೆಯ ಬ್ಯಾಟರಿ ಸೆಲ್ ಒಡೆದು ಪುಡಿ ಬೆರೆಸಿ, ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದವರು ಹೆಂಗಸರು. ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಇಲ್ಲೇ ಹತ್ತಿರ, 2014ರವರೆಗೆ ಥಾಣೆ ಜಿಲ್ಲೆಯಲ್ಲೇ ಇದ್ದ ಪಾಲ್ಘರ್ ಕಡೆಯ ವಾರ್ಲಿ ಮನೆಗಳಲ್ಲಿ ಮದುವೆಯ ಚೌಕ ಬರೆಯುವವರು ಸುವಾಸಿನಿಯರು. ಇದನ್ನೆಲ್ಲ ಯಾರೂ ಕೂಲಿ ಎಂದು ಕರೆದಿಲ್ಲ. ಫ್ಲ್ಯಾಟು ಬಂದ ಮೇಲೆ ಆ ಕೆಲಸ ದುಡ್ಡು ಕೊಟ್ಟು ಮಾಡಿಸುವುದಾಯಿತು, ಮಾಡುವವರ ಬಗ್ಗೆ ತಾತ್ಸಾರವೂ ಜೊತೆಗೇ ಬಂತು.

ಪಕ್ಕದ ಕಟ್ಟಡದಲ್ಲಿ ಸಿಮೆಂಟ್ ಹೊರುತ್ತಿದ್ದ ಹೆಂಗಸೊಬ್ಬರು ನನ್ನ ಕನ್ನಡ ಕೇಳಿ ಬಾಗಿಲಲ್ಲಿ ನಿಂತರು. ಯಾದಗಿರಿ ಕಡೆಯವರು. "ಟೈಲ್ಸ್ ಅಂಟ್ಸೋಕೆ ಮುಂಚೆ ಗ್ವಾಡಿ ತೊಯ್ಸವ್ವ, ಒಣಾ ಗ್ವಾಡಿ ನೀರು ಕುಡೀತದ" ಎಂದು ಮರಳು ಸಿಮೆಂಟಿನ ಪಾಕದ ಬಗ್ಗೆ ಹೇಳಿಕೊಟ್ಟರು. ಹದ, ಅಳತೆ ಎಲ್ಲ ಬಲ್ಲವರು. ಎಷ್ಟು ವರ್ಷದ ಕೆಲಸ ಎಂದು ಕೇಳಿದೆ. ಹದಿನಾರು ವರ್ಷ ಅಂದರು. ಕರಣೆ ಹಿಡಿದಿದ್ದೀರಾ ಅಂದೆ. "ನಮ್ಗ ಯಾರ್ ಕೊಡ್ತಾರ?" ಅಂದರು. ಸಮಾನ ವೇತನದ ಕಾನೂನು 1976ರಲ್ಲೇ ಬಂದಿದೆ. ಆದರೆ ಕರಣೆ ಹಿಡಿದವನಿಗೆ ಮೇಸ್ತ್ರಿ ಕೂಲಿ, ಬುಟ್ಟಿ ಹೊತ್ತವಳಿಗೆ ಹೆಣ್ಣಾಳು ಕೂಲಿ. ಕರಣೆಯನ್ನೇ ಕೊಡದಿದ್ದರೆ ಸಮಾನತೆ ಎಲ್ಲಿಂದ ಬರಬೇಕು? ಅಂದು ನನ್ನ ಕೈಯ ಕರಣೆಯನ್ನು ಅವರಿಗೆ ಕೊಟ್ಟೆ. ಅಡುಗೆ ಮನೆಯ ಮೂಲೆಯ ಆರು ಟೈಲ್ಸ್ ಅವರು ಕೂರಿಸಿದ್ದು. ಮೇಸ್ತ್ರಿಯ ಕೂಲಿಯನ್ನೇ ಕೊಟ್ಟೆವು.

2023ರ ಫೆಬ್ರವರಿಯಲ್ಲಿ ಹಾಲು ಉಕ್ಕಿಸಿದೆವು. ಸಾಮಾನು, ಉಪಕರಣ, ಎಲೆಕ್ಟ್ರಿಷಿಯನ್, ಪ್ಲಂಬರ್ ಎಲ್ಲ ಸೇರಿ 96 ಸಾವಿರ. ಅದರಲ್ಲಿ 52 ಸಾವಿರ ಸ್ಟ್ಯಾಂಪ್ ಡ್ಯೂಟಿಯಲ್ಲಿ ಉಳಿದದ್ದು. ಬಳೆಗಳು ಇವತ್ತು ನನ್ನ ಕೈಯಲ್ಲೇ ಇವೆ, ನೋಡಿ.

ನಮ್ಮವರು ಈಗ ಕಿಸನ್ ನಗರ, ಲೋಕಮಾನ್ಯ ನಗರದ ಕಡೆ ಸಣ್ಣಪುಟ್ಟ ಟೈಲ್ಸ್ ಕೆಲಸ ಹಿಡಿಯುತ್ತಾರೆ. ಮದುವೆಗಳಿಗೂ ಬರುತ್ತಾರೆ. "ಎಲ್ಲಿ ಕೆಲಸ?" ಎಂದು ಕೇಳಿದರೆ ವಿಳಾಸವನ್ನೇ ಹೇಳುತ್ತಾರೆ.

ಎಲ್ಲರೂ ಬಣ್ಣ ಬಳಿಯಲು ಹೊರಡಿ ಎಂದು ನಾನು ಹೇಳುವುದಿಲ್ಲ. ಮೈಯಲ್ಲಿ ಶಕ್ತಿ, ಕೈಯಲ್ಲಿ ಸಮಯ ಎಲ್ಲರಿಗೂ ಇರುವುದಿಲ್ಲ. ಆದರೆ ಮನೆಯ ಕಾಗದದಲ್ಲಿ ನಿಮ್ಮ ಹೆಸರಿರಲಿ, ಅಳತೆ ಲೆಕ್ಕ ನಿಮಗೆ ಗೊತ್ತಿರಲಿ, ದೋಷ ಕಂಡರೆ ಬರೆದು ಕೇಳಿ. ಮನೆಗೆ ಕೆಲಸಕ್ಕೆ ಬಂದ ಹೆಣ್ಣಾಳಿಗೆ ನೀರು ಕೊಡುವಾಗ, ಆಕೆಗೆ ಏನೇನು ಗೊತ್ತಿದೆ ಎಂದೂ ಒಮ್ಮೆ ಕೇಳಿ.