ವಿದ್ಯುತ್ ವಾಹನದ ಷೇರು, ವಾರಾಹಿಯ ನೀರು

(ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಉಳಿತಾಯಗಾರರ ಮುಂದಿಟ್ಟ ಭಾಷಣದ ಪಠ್ಯ)



ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ತನ್ನ ಮೊದಲ ಶಾಖೆಯನ್ನು ತೆರೆದದ್ದು ಬ್ರಹ್ಮಾವರದಲ್ಲಿ, 1928ರಲ್ಲಿ. ಅದೇ ವರ್ಷ ಆ ಬ್ಯಾಂಕು ಪಿಗ್ಮಿ ಠೇವಣಿಯನ್ನೂ ಆರಂಭಿಸಿತು. ದಿನಕ್ಕೆ ಎರಡಾಣೆ ಉಳಿಸಬಲ್ಲವರ ಮನೆಬಾಗಿಲಿಗೂ ಬ್ಯಾಂಕಿನ ಪ್ರತಿನಿಧಿ ಬರತೊಡಗಿದ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರಿನಲ್ಲಿ ದೇಶವಿಡೀ ಹಬ್ಬಿದ ಆ ಸಂಸ್ಥೆ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬ್ಯಾಂಕಿನ ಹೆಸರು ಹೋದರೂ ಉಳಿತಾಯದ ಅಭ್ಯಾಸ ಈ ಮಣ್ಣಿನಿಂದ ಹೋಗಿಲ್ಲ. ಅದು ದಾರಿಯನ್ನು ಮಾತ್ರ ಬದಲಿಸಿದೆ. ಬೆಂಗಳೂರಿನ ಹೋಟೆಲಿನಲ್ಲಿ, ಕಚೇರಿಯಲ್ಲಿ ದುಡಿಯುವ ಮಗ ಊರಿನ ತಂದೆಯ ಹೆಸರಿನಲ್ಲಿ ಡಿಮ್ಯಾಟ್ ಖಾತೆ ತೆರೆಯುತ್ತಾನೆ. ಅಡಿಕೆ ಮಾರಿದ ಹಣದ ಒಂದು ಪಾಲು ಷೇರಾಗುತ್ತದೆ. ಪಿಗ್ಮಿಯ ಪ್ರತಿನಿಧಿಯ ಮುಖ ಪರಿಚಿತವಾಗಿತ್ತು, ಬ್ಯಾಂಕಿನ ಬಾಗಿಲು ಕಣ್ಣಳತೆಯಲ್ಲಿತ್ತು. ಷೇರಿನ ಹಿಂದಿರುವ ಕಾರ್ಖಾನೆ ಹಾಗೆ ಕಾಣುವಂಥದ್ದಲ್ಲ.

ಹೀಗೆ ಕೊಳ್ಳಲಾಗುತ್ತಿರುವ ಷೇರುಗಳಲ್ಲಿ ವಿದ್ಯುತ್ ವಾಹನ ತಯಾರಕರದ್ದಕ್ಕೆ ವಿಶೇಷವಾದ ಒಂದು ಆಕರ್ಷಣೆಯಿದೆ: ಲಾಭವೂ ಬಂದೀತು, ಪರಿಸರಕ್ಕೂ ಒಳಿತಾದೀತು ಎಂಬ ನಂಬಿಕೆ. ಹಸಿರು ಎಂಬ ಪದವನ್ನು ಕಂಪನಿಗಳು ಎರವಲು ಪಡೆದದ್ದು ಪರಿಸರ ಚಳವಳಿಯಿಂದಲೇ. ಆದಕಾರಣ ಆ ಪದ ಷೇರುಪೇಟೆಯಲ್ಲಿ ಎಷ್ಟಕ್ಕೆ ಮಾರಾಟವಾಗುತ್ತಿದೆ ಎಂಬುದನ್ನು ವಿಚಾರಿಸುವ ಹೊಣೆಯೂ ಚಳವಳಿಯ ಮೇಲಿದೆ.

ಕರ್ನಾಟಕಕ್ಕೆ ಈ ಉದ್ಯಮ ಹೊಸತಲ್ಲ. ಬೆಂಗಳೂರಿನ ಮೈನಿ ಬಳಗ ಅಮೆರಿಕದ ಪಾಲುದಾರರೊಡನೆ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಸ್ಥಾಪಿಸಿದ್ದು 1994ರಲ್ಲಿ. ಚೇತನ್ ಮೈನಿ ಅವರ ಮುಂದಾಳುತನದಲ್ಲಿ 2001ರಲ್ಲಿ ಕಾರು ರಸ್ತೆಗಿಳಿಯಿತು. ಸೀಸ-ಆಮ್ಲದ ಬ್ಯಾಟರಿ, ಎರಡು ಬಾಗಿಲು, ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರ್. (ರೇವಾ ಎಂಬುದು ನರ್ಮದೆಯ ಇನ್ನೊಂದು ಹೆಸರು. ಅಣೆಕಟ್ಟಿನ ವಿರುದ್ಧ ಆ ನದಿಯ ದಡದಲ್ಲಿ ಹೋರಾಟ ನಡೆಯುತ್ತಿದ್ದ ವರ್ಷಗಳಲ್ಲೇ ಈ ಕಾರು ರೂಪುಗೊಂಡಿತೆಂಬುದು ಕೇವಲ ಕಾಕತಾಳೀಯ, ಆದರೂ ನೆನಪಿನಲ್ಲಿಡತಕ್ಕದ್ದು.) ಬೆಂಗಳೂರಿನ ಜನ ಅದನ್ನು ಕುತೂಹಲದಿಂದ ನೋಡಿದರು, ಕೊಂಡವರು ಕಡಿಮೆ. ಅದಕ್ಕೆ ಮನ್ನಣೆ ದೊರೆತದ್ದು ಲಂಡನ್ನಿನಲ್ಲಿ, ಜಿ-ವಿಜ್ ಎಂಬ ಹೆಸರಿನಿಂದ. ನಗರದ ನಡುಭಾಗಕ್ಕೆ ಬರುವ ವಾಹನಗಳ ಮೇಲೆ ಅಲ್ಲಿ 2003ರಿಂದ ವಿಧಿಸಲಾದ ದಟ್ಟಣೆ ಶುಲ್ಕದಿಂದ ವಿದ್ಯುತ್ ಕಾರಿಗೆ ವಿನಾಯಿತಿ ಇತ್ತು. 2006ರಲ್ಲಿ ವಿದೇಶಿ ಹೂಡಿಕೆದಾರರು 2 ಕೋಟಿ ಡಾಲರ್ ಹಾಕಿದರು. ಆದರೂ ಹತ್ತು ವರ್ಷಗಳ ಒಟ್ಟು ಮಾರಾಟ ಕೆಲವೇ ಸಾವಿರವನ್ನು ದಾಟಲಿಲ್ಲ. 2010ರ ಮೇ ತಿಂಗಳಲ್ಲಿ ಮಹೀಂದ್ರಾ ಕಂಪನಿ ಶೇ. 55.2ರಷ್ಟು ಪಾಲನ್ನು ಕೊಂಡಿತು. 2013ರಲ್ಲಿ ಬಂದ ಉತ್ತರಾಧಿಕಾರಿ ಇ2ಓ ಕಾರು ಕೂಡ 2019ರ ಹೊತ್ತಿಗೆ ಮಾರುಕಟ್ಟೆಯಿಂದ ಮರೆಯಾಯಿತು.

ತಂತ್ರಜ್ಞಾನದಲ್ಲಿ ರೇವಾ ತನ್ನ ಕಾಲಕ್ಕಿಂತ ಮುಂದಿತ್ತು. ಆದರೆ ಅದರ ಮಾರಾಟವನ್ನು ನಿರ್ಧರಿಸಿದ್ದು ಎಂಜಿನಿಯರಲ್ಲ, ಸರಕಾರದ ಲೇಖನಿ. ಹೂಡಿಕೆದಾರ ಮೊದಲು ಗಮನಿಸಬೇಕಾದದ್ದು ಇದನ್ನೇ, ಏಕೆಂದರೆ ಈ ಉದ್ಯಮದಲ್ಲಿ ಅದೇ ಕತೆ ಮರಳಿ ಮರಳಿ ನಡೆದಿದೆ. 2010ರ ನವೆಂಬರಿನಲ್ಲಿ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ 95 ಕೋಟಿ ರೂಪಾಯಿಯ ಸಹಾಯಧನ ಯೋಜನೆಯನ್ನು ತಂದಿತು; 2012ರ ಮಾರ್ಚಿಗೆ ಅದು ಮುಗಿಯಿತು; ವಿದ್ಯುತ್ ದ್ವಿಚಕ್ರ ವಾಹನಗಳ ಮಾರಾಟವೂ ಅದರ ಹಿಂದೆಯೇ ಕುಸಿಯಿತು. 2019ರ ಏಪ್ರಿಲಿನಲ್ಲಿ 10,000 ಕೋಟಿ ರೂಪಾಯಿಯ ಫೇಮ್ ಎರಡನೆಯ ಹಂತ ಬಂತು. ಆ ಯೋಜನೆಯಡಿ ದ್ವಿಚಕ್ರ ವಾಹನಗಳಿಗೆ ಬ್ಯಾಟರಿಯ ಪ್ರತಿ ಕಿಲೋವ್ಯಾಟ್-ಗಂಟೆಗೆ 15,000 ರೂಪಾಯಿಯಷ್ಟಿದ್ದ ನೆರವನ್ನು 2023ರ ಜೂನ್ 1ರಿಂದ 10,000ಕ್ಕೆ ಇಳಿಸಲಾಯಿತು. ವಾಹನದ ಬೆಲೆಯ ಶೇ. 40ರವರೆಗೆ ಇದ್ದ ಮಿತಿ ಶೇ. 15ಕ್ಕೆ ಬಂತು. ಮೇ ತಿಂಗಳಲ್ಲಿ ಲಕ್ಷ ದಾಟಿದ್ದ ಮಾರಾಟ ಜೂನಿನಲ್ಲಿ ಅದರ ಅರ್ಧಕ್ಕಿಂತ ಕೆಳಗಿಳಿಯಿತು. 2024ರ ಅಕ್ಟೋಬರಿನಿಂದ ಜಾರಿಗೆ ಬಂದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಈ ನೆರವು 5,000 ರೂಪಾಯಿ, ಮರುವರ್ಷ 2,500. ಇನ್ನೊಂದೆಡೆ 2025ರ ಸೆಪ್ಟೆಂಬರಿನಲ್ಲಿ 350 ಸಿಸಿವರೆಗಿನ ಪೆಟ್ರೋಲ್ ದ್ವಿಚಕ್ರಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು, ವಿದ್ಯುತ್ ವಾಹನದ ಶೇ. 5 ಹಾಗೆಯೇ ಉಳಿಯಿತು. ಎರಡರ ನಡುವಿನ ಅಂತರ ಒಂದೇ ದಿನದಲ್ಲಿ ಕಿರಿದಾಯಿತು. ಇಂಥ ಆದೇಶವನ್ನು ಯಾವ ಕಂಪನಿಯ ಆಡಳಿತ ಮಂಡಳಿಯೂ ತಡೆಯಲಾರದು.

ಈ ಹಿನ್ನೆಲೆಯಲ್ಲಿ ಬೆಂಗಳೂರಿನ ಎರಡು ಕಂಪನಿಗಳನ್ನು ನೋಡಬಹುದು. ಓಲಾ ಎಲೆಕ್ಟ್ರಿಕ್ 2024ರ ಆಗಸ್ಟಿನಲ್ಲಿ 76 ರೂಪಾಯಿಗೆ ಷೇರು ನೀಡಿ 6,145 ಕೋಟಿ ರೂಪಾಯಿಯ ಸಾರ್ವಜನಿಕ ಹಂಚಿಕೆ ನಡೆಸಿತು. ಪೇಟೆಯಲ್ಲಿ ಪಟ್ಟಿಯಾದ ಎರಡು ವಾರದೊಳಗೆ ಷೇರಿನ ಬೆಲೆ 157ಕ್ಕೇರಿತು. ಅಕ್ಟೋಬರಿನಲ್ಲಿ ಗ್ರಾಹಕರ ದೂರುಗಳ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ನೋಟಿಸು ಬಂತು. 2024-25ರಲ್ಲಿ ಕಂಪನಿಯ ನಷ್ಟ 2,276 ಕೋಟಿ ರೂಪಾಯಿ. 2025ರ ಡಿಸೆಂಬರಿನಲ್ಲಿ ಷೇರು ಹಂಚಿಕೆ ಬೆಲೆಯ ಅರ್ಧಕ್ಕಿಂತಲೂ ಕೆಳಗೆ ಹೋಯಿತು. ಏಥರ್ ಎನರ್ಜಿ 2025ರ ಏಪ್ರಿಲ್ ಕೊನೆಯಲ್ಲಿ 321 ರೂಪಾಯಿಗೆ ಷೇರು ನೀಡಿತು. ಅದೂ ನಷ್ಟದ ಕಂಪನಿಯೇ, 2024-25ರಲ್ಲಿ 812 ಕೋಟಿ ರೂಪಾಯಿ. ಆದರೆ ಅದೇ ಅಕ್ಟೋಬರಿಗೆ ಅದರ ಬೆಲೆ ಎರಡು ಪಟ್ಟನ್ನು ಮೀರಿತು. ಎರಡಕ್ಕೂ ಅದೇ ಸಹಾಯಧನ, ಅದೇ ಜಿಎಸ್‌ಟಿ. ಆದರೂ ಒಂದು ಅರ್ಧವಾಯಿತು, ಇನ್ನೊಂದು ಇಮ್ಮಡಿಯಾಯಿತು. ಹಸಿರು ಎಂಬ ಒಂದೇ ಪದ ಎರಡರ ಮೇಲೂ ಅಂಟಿತ್ತೆಂಬುದನ್ನು ಗಮನಿಸಿದರೆ ಆ ಪದದಿಂದ ಬೆಲೆ ತಿಳಿಯುವುದಿಲ್ಲವೆಂಬುದು ಸ್ಪಷ್ಟ. ಈ ನಡುವೆ ಟಿವಿಎಸ್, ಬಜಾಜ್‌ಗಳಂಥ ಹಳೆಯ ಕಂಪನಿಗಳು ಮುಂದೆ ಬಂದಿವೆ. ಪೆಟ್ರೋಲ್ ವಾಹನಗಳಿಂದ ಬರುವ ಲಾಭ ವಿದ್ಯುತ್ ವಾಹನದ ನಷ್ಟವನ್ನು ತಾಳಿಕೊಳ್ಳುವ ಶಕ್ತಿಯನ್ನು ಅವಕ್ಕೆ ಕೊಟ್ಟಿದೆ. ಬೈಂದೂರಿನ ಗ್ರಾಹಕನಿಗೆ ಇನ್ನೂ ಸರಳವಾದ ಕಾರಣವೊಂದಿದೆ: ಜುಲೈ ತಿಂಗಳ ಮಳೆಯಲ್ಲಿ ಗಾಡಿ ನಿಂತರೆ ಸರಿಪಡಿಸುವವನು ಎಷ್ಟು ದೂರದಲ್ಲಿದ್ದಾನೆ ಎಂಬುದು.

ಬ್ಯಾಟರಿಯ ಮಾತನ್ನು ಸಂಕ್ಷೇಪವಾಗಿ ಹೇಳಬಹುದು. ವಾಹನದ ವೆಚ್ಚದಲ್ಲಿ ದೊಡ್ಡ ಪಾಲು ಬ್ಯಾಟರಿಯದು. ಅದರೊಳಗಿನ ಕೋಶಗಳು ಬಹುಪಾಲು ವಿದೇಶದವು. 2025ರ ಏಪ್ರಿಲಿನಲ್ಲಿ ಚೀನಾ ಮೋಟಾರಿನ ಆಯಸ್ಕಾಂತಗಳಿಗೆ ಬೇಕಾದ ವಿರಳ ಲೋಹಗಳ ರಫ್ತಿಗೆ ಕಡಿವಾಣ ಹಾಕಿದಾಗ ಇಲ್ಲಿನ ಕಾರ್ಖಾನೆಗಳು ಕಂಗೆಟ್ಟವು. ಮಂಡ್ಯ ಜಿಲ್ಲೆಯ ಮಾರಲಗಲ್ಲದ ಲಿಥಿಯಂ ಬಗ್ಗೆ 2020ರಲ್ಲಿ 14,100 ಟನ್ ಎಂಬ ಸುದ್ದಿ ಹರಡಿತು. ಅನಂತರ ಸಂಸತ್ತಿನಲ್ಲಿ ಸರಕಾರ ಕೊಟ್ಟ ಲೆಕ್ಕ 1,600 ಟನ್. ಹೂಡಿಕೆದಾರನಿಗೆ ಈ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸವೇ ಸಾಕು.

ಇನ್ನು ವಿದ್ಯುತ್ತು. ಈ ವಿಷಯದಲ್ಲಿ ಕುಂದಾಪುರದ ಉಳಿತಾಯಗಾರನಿಗೆ ಮುಂಬಯಿಯ ದಲಾಲನಿಗಿಂತ ಹೆಚ್ಚಿನ ತಿಳಿವಳಿಕೆ ಇರಬೇಕು. ಘಟ್ಟದ ಮೇಲೆ ಹೊಸನಗರ ತಾಲೂಕಿನಲ್ಲಿರುವ ಮಾಣಿ ಅಣೆಕಟ್ಟಿನ ನೀರು ಸುರಂಗದ ಮೂಲಕ ಇಳಿದು ಕುಂದಾಪುರ ತಾಲೂಕಿನ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದಲ್ಲಿ ವಿದ್ಯುತ್ತಾಗುತ್ತದೆ. ತಲಾ 115 ಮೆಗಾವ್ಯಾಟಿನ ನಾಲ್ಕು ಘಟಕಗಳು, ಒಟ್ಟು 460 ಮೆಗಾವ್ಯಾಟ್. ಅಲ್ಲಿಂದ ಬಿಟ್ಟ ನೀರು ವಾರಾಹಿಯಾಗಿ ಹರಿದು, ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರವನ್ನು ಸೇರುತ್ತದೆ. ದಕ್ಷಿಣಕ್ಕೆ ಎಲ್ಲೂರಿನಲ್ಲಿ 1,200 ಮೆಗಾವ್ಯಾಟಿನ ಸ್ಥಾವರ ಹಡಗಿನಲ್ಲಿ ಬಂದ ಕಲ್ಲಿದ್ದಲನ್ನು ಸುಡುತ್ತದೆ. ಉತ್ತರಕ್ಕೆ ಶರಾವತಿಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸುವ 2,000 ಮೆಗಾವ್ಯಾಟಿನ ಯೋಜನೆ, ಸಿಂಗಳೀಕ ಅಭಯಾರಣ್ಯದ ಒಳಗೇ ಯೋಜಿತವಾಗಿದೆ. ಅದೇ ಸಿಂಗಳೀಕ ಬೈಂದೂರು ತಾಲೂಕಿನ ಮೂಕಾಂಬಿಕಾ ಅಭಯಾರಣ್ಯದಲ್ಲೂ ಇದೆ. ಇಂಥ ಯೋಜನೆಗಳ ಸಮರ್ಥನೆಗೆ ಬರುವ ಮಾತುಗಳಲ್ಲಿ ಒಂದು, ನಾಳಿನ ವಿದ್ಯುತ್ ವಾಹನಗಳಿಗೆ ವಿದ್ಯುತ್ತು ಬೇಕಲ್ಲವೇ ಎಂಬುದು.

ಆ ಮಾತನ್ನು ಲೆಕ್ಕ ಹಾಕಿ ನೋಡುವುದು ಕಷ್ಟವಲ್ಲ. ವಿದ್ಯುತ್ ಸ್ಕೂಟರು ಒಂದು ಯೂನಿಟ್ಟಿಗೆ ಸುಮಾರು 30 ಕಿಲೋಮೀಟರ್ ಓಡುತ್ತದೆ. ದಿನಕ್ಕೆ 30 ಕಿಲೋಮೀಟರ್ ಓಡುವ ಒಂದು ಲಕ್ಷ ಸ್ಕೂಟರುಗಳಿಗೆ ದಿನವೊಂದಕ್ಕೆ ಒಂದು ಲಕ್ಷ ಯೂನಿಟ್ ಬೇಕು. ವಾರಾಹಿಯ ನಾಲ್ಕೂ ಘಟಕಗಳು ಪೂರ್ಣವಾಗಿ ತಿರುಗಿದರೆ ಒಂದು ಗಂಟೆಯಲ್ಲಿ 4.6 ಲಕ್ಷ ಯೂನಿಟ್ ಬರುತ್ತದೆ. ಎಂದರೆ ಚಾರ್ಜಿನ ವೇಳೆ ವ್ಯಯವಾಗುವುದನ್ನು ಸೇರಿಸಿದರೂ ಲಕ್ಷ ಸ್ಕೂಟರುಗಳ ದಿನದ ಓಟಕ್ಕೆ ಹೊಸಂಗಡಿಯ ಕಾಲು ಗಂಟೆಯ ಕೆಲಸ ಸಾಕು. ಸ್ಕೂಟರಿನ ಹೆಸರಿನಲ್ಲಿ ಕಾಡು ಕೇಳುವವರು ಈ ಕಾಲು ಗಂಟೆಯನ್ನು ಮೊದಲು ವಿವರಿಸಬೇಕು. ಕಲ್ಲಿದ್ದಲಿನ ವಿದ್ಯುತ್ತಿನಿಂದ ಓಡಿದರೂ ಪೆಟ್ರೋಲ್ ಸ್ಕೂಟರಿಗಿಂತ ಅದರ ಒಟ್ಟು ಇಂಗಾಲ ಕಡಿಮೆ. ಪರಿಸರವಾದಿಗಳು ವಾಹನವನ್ನೇ ವಿರೋಧಿಸಬೇಕಾದ ಕಾರಣವಿಲ್ಲ. ಎರಡು ಟನ್ ತೂಗುವ ದೊಡ್ಡ ವಿದ್ಯುತ್ ಕಾರಿನ ಲೆಕ್ಕ ಬೇರೆ: ಒಬ್ಬನನ್ನು ಒಯ್ಯಲು ಅದಕ್ಕೆ ಸ್ಕೂಟರಿಗಿಂತ ಐದು ಪಟ್ಟಿನಷ್ಟು ವಿದ್ಯುತ್ತು ಬೇಕು, ಬ್ಯಾಟರಿ ಅದಕ್ಕೂ ಹೆಚ್ಚು ಪಟ್ಟು ದೊಡ್ಡದು. ಕರ್ನಾಟಕ ಸರಕಾರ 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ತೆರಿಗೆ ವಿನಾಯಿತಿಯನ್ನು ನಿಲ್ಲಿಸಿದ್ದು ಉಚಿತವೇ ಆಯಿತು.

ವಿದ್ಯುತ್ತು ಎಷ್ಟು ಎಂಬುದಕ್ಕಿಂತ ಯಾವಾಗ ಎಂಬ ಪ್ರಶ್ನೆ ಹೆಚ್ಚಿನದು. ಮಧ್ಯಾಹ್ನ ಪಾವಗಡದಂಥ ಸೌರ ಉದ್ಯಾನಗಳಿಂದ ವಿದ್ಯುತ್ತು ಧಾರಾಳವಾಗಿ ಹರಿಯುತ್ತದೆ. ಸಂಜೆ ಏಳರ ಬಳಿಕ ಅದಿಲ್ಲ, ಆಗ ಜಲಾಶಯಗಳ ಬಾಗಿಲು ತೆರೆಯಬೇಕು. ಶರಾವತಿಯ ಯೋಜನೆಯ ತರ್ಕವೂ ಇದೇ: ಹಗಲಿನ ವಿದ್ಯುತ್ತಿನಿಂದ ನೀರೆತ್ತುವುದು, ಸಂಜೆ ಇಳಿಸುವುದು. ಇಳಿಸುವಾಗ ಬರುವುದಕ್ಕಿಂತ ಎತ್ತುವಾಗ ಹೆಚ್ಚು ವಿದ್ಯುತ್ತು ತಗಲುತ್ತದೆ. ಆದರೆ ವಾಹನದ ಬ್ಯಾಟರಿಯೂ ಒಂದು ಜಲಾಶಯವೇ ಅಲ್ಲವೇ? ಕಚೇರಿ, ಕಾಲೇಜು, ಬಸ್ ನಿಲ್ದಾಣ, ರಿಕ್ಷಾ ನಿಲ್ದಾಣಗಳಲ್ಲಿ ಹಗಲಿನಲ್ಲೇ ಅದನ್ನು ತುಂಬಿಸಿದರೆ ಸಂಜೆಯ ಹೊರೆ ಇಳಿಯುತ್ತದೆ. ಮನೆಗೆ ಬಂದು ಏಳು ಗಂಟೆಗೆ ಎಲ್ಲರೂ ಚಾರ್ಜಿಗೆ ಹಾಕಿದರೆ ಹೊರೆ ಏರುತ್ತದೆ, ಹೊಸ ಅಣೆಕಟ್ಟಿಗೆ ಹೊಸ ನೆಪವೂ ಸಿಗುತ್ತದೆ. ಅದೇ ಸ್ಕೂಟರು, ಅದೇ ಒಂದು ಯೂನಿಟ್ಟು. ಘಟ್ಟದ ಮೇಲಿನ ಪರಿಣಾಮ ಮಾತ್ರ ಎರಡು ತೆರ.

ಕಂಪನಿಗಳ ವಾರ್ಷಿಕ ವರದಿಯಲ್ಲಿ ಈ ಲೆಕ್ಕವನ್ನು ಹುಡುಕುವವರಿಗೆ ನಿರಾಶೆಯಾದೀತು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದಲ್ಲಿರುವ ಕಂಪನಿಗಳು 2022-23ರಿಂದ ಸೆಬಿಯ ನಿಯಮದಂತೆ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕೊಡಬೇಕು. ಕಾರ್ಖಾನೆಯ ಇಂಧನ, ನೀರು, ತ್ಯಾಜ್ಯದ ವಿವರ ಅದರಲ್ಲಿರುತ್ತದೆ. ಆದರೆ ಮಾರಾಟವಾದ ಸ್ಕೂಟರು ಮುಂದೆ ಹತ್ತು ವರ್ಷ ಕುಡಿಯುವ ವಿದ್ಯುತ್ತು ಮೂರನೆಯ ವ್ಯಾಪ್ತಿ ಎಂಬ ವರ್ಗಕ್ಕೆ ಸೇರುತ್ತದೆ. ಅದನ್ನು ತೋರಿಸುವುದು ಕಂಪನಿಯ ಇಚ್ಛೆಗೆ ಬಿಟ್ಟದ್ದು. ಬ್ಯಾಟರಿಯ ವಿಷಯದಲ್ಲಿ ಸ್ಥಿತಿ ಸ್ವಲ್ಪ ಉತ್ತಮ: 2022ರ ಆಗಸ್ಟಿನ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಮರಳಿ ಸಂಗ್ರಹಿಸಿ ಸಂಸ್ಕರಿಸುವ ಹೊಣೆಯನ್ನು ಉತ್ಪಾದಕರ ಮೇಲೆಯೇ ಹೊರಿಸಿವೆ.

ಷೇರು ಕೊಂಡವರು ಕೇವಲ ಬೆಲೆಯ ಪ್ರೇಕ್ಷಕರಲ್ಲ. ಒಂದೇ ಷೇರು ಇದ್ದರೂ ವಾರ್ಷಿಕ ಮಹಾಸಭೆಯಲ್ಲಿ ಪ್ರಶ್ನಿಸುವ ಹಕ್ಕುಂಟು. ಸಭೆಗಳು ಈಗ ವಿಡಿಯೋ ಮೂಲಕ ನಡೆಯುವುದರಿಂದ ಹೊಸಂಗಡಿಯ ಜಗಲಿಯಲ್ಲಿ ಕುಳಿತೂ ಕೇಳಬಹುದು. ಸಹಾಯಧನ ಪೂರ್ತಿ ನಿಂತ ದಿನ ಒಂದು ಸ್ಕೂಟರಿನ ಮೇಲೆ ಕಂಪನಿಗೆ ಉಳಿಯುವುದೆಷ್ಟು? ಕೋಶಗಳು ಯಾವ ದೇಶದಿಂದ ಬರುತ್ತವೆ? ಮಾರಿದ ವಾಹನಗಳಲ್ಲಿ ಎಷ್ಟು ಹಗಲಿನಲ್ಲಿ ಚಾರ್ಜಾಗುತ್ತವೆ? ವಾಹನಗಳೇ ಕಂಪನಿಗೆ ಮಾಹಿತಿ ಕಳುಹಿಸುವ ಕಾಲವಾದ್ದರಿಂದ ಕೊನೆಯ ಪ್ರಶ್ನೆಗೆ ಉತ್ತರ ಕಂಪನಿಯ ಗಣಕಯಂತ್ರದಲ್ಲಿ ಈಗಾಗಲೇ ಇದೆ, ಕೇಳುವವರು ಬೇಕಾಗಿದ್ದಾರೆ.