ಅತ್ತೆಯ ಗಂಜಿಗೆ ತುಪ್ಪ

ನಾನು ಡಾಕ್ಟರ್ ಅಲ್ಲ, ಎಂ.ಟೆಕ್ ಮಾಡಿ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವಳು. ನಮ್ಮ ಸೋದರತ್ತೆಗೆ ಬಾಯಿ ಕ್ಯಾನ್ಸರ್ ಆದಾಗ ಇದನ್ನೆಲ್ಲ ಓದತೊಡಗಿದೆ. ಎಲೆಅಡಿಕೆ, ತಂಬಾಕು ಅವರಿಗೆ ಮೊದಲಿನಿಂದಲೂ ರೂಢಿ.

2016ರ ಕೊನೆಯಲ್ಲಿ ಬಾರ್ಸಿಲೋನಾದ ಸಾಲ್ವಡಾರ್ ಬೆನಿತಾ ಅವರ ತಂಡ ಮನುಷ್ಯರ ಬಾಯಿ ಕ್ಯಾನ್ಸರ್ ಕೋಶಗಳನ್ನು ಇಲಿಗಳಲ್ಲಿ ಬೆಳೆಸಿ ನೋಡಿತು. ಬೇರೆಡೆ ಹರಡುವ ಕೋಶಗಳ ಮೈಮೇಲೆ ಸಿಡಿ36 ಎಂಬ ಪ್ರೋಟೀನ್ ಹೆಚ್ಚಿತ್ತು. ಕೊಬ್ಬನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲು ಅದು. ಕೊಬ್ಬಿನ ಆಹಾರ ಕೊಟ್ಟರೆ ಹರಡುವುದು ಹೆಚ್ಚಿತು, ಬಾಗಿಲು ಮುಚ್ಚಿದರೆ ತಗ್ಗಿತು. 2021ರಲ್ಲಿ ಅದೇ ತಂಡ ಇನ್ನೊಂದು ಕಂಡಿತು: ಪಾಮ್ ಎಣ್ಣೆ ತಿಂದ ಇಲಿಯ ಗಡ್ಡೆಯನ್ನು ಸಾದಾ ಆಹಾರದ ಇಲಿಗೆ ಇಟ್ಟರೂ ಅದು ಹರಡುವ ಚಾಳಿ ಬಿಡಲಿಲ್ಲ. ಕಾರಣ ಪಾಮಿಟಿಕ್ ಆಮ್ಲ. ನಮ್ಮ ಶೇಂಗಾ ಎಣ್ಣೆಯಲ್ಲಿ ಹೆಚ್ಚಿರುವ ಒಲಿಯಿಕ್, ಲಿನೊಲಿಯಿಕ್ ಆಮ್ಲಗಳು ಹಾಗೆ ಮಾಡಲಿಲ್ಲ.

ತುಪ್ಪದಲ್ಲೂ ಪಾಮಿಟಿಕ್ ಇದೆಯಲ್ಲ! ಓದಿದ್ದೇ ತಡ, ಅತ್ತೆಯ ತುಪ್ಪ ನಿಲ್ಲಿಸಿಬಿಟ್ಟೆ. ಆಗ ರೇಡಿಯೇಷನ್ ನಡೆದಿತ್ತು, ಗಂಜಿ ಬಿಟ್ಟರೆ ಏನೂ ಇಳಿಯುತ್ತಿರಲಿಲ್ಲ. ತೂಕ ಇಳಿಯುತ್ತ ಹೋಯಿತು. ಡಯಟೀಷಿಯನ್ ನನ್ನನ್ನು ಚೆನ್ನಾಗಿ ಬೈದರು: ಅದು ಇಲಿಗಳ ಪ್ರಯೋಗ, ಇವರಿಗೆ ಈಗ ಬೇಕಿರುವುದು ಕ್ಯಾಲರಿ.

ನನ್ನ ಅಡುಗೆಮನೆಯಿಂದ ಪಾಮೊಲೀನ್ ಹೋಯಿತು, ಅದು ಬೇರೆ ಮಾತು. ಅತ್ತೆ ಮಾತ್ರ ಒಂದು ಮಾತೂ ಆಡಲಿಲ್ಲ. ಮರುದಿನ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಕೇಳಿದರು: "ಇವತ್ತರ ತುಪ್ಪ ಹಾಕೀಯೇನವಾ?"